ಯೀಸ್ಟ್ ಜೀವಕೋಶದ ಅಂತರ್ಗ್ರಹಣದಲ್ಲಿ ಆಕ್ಟಿನ್ನಿನ ಪಾತ್ರ: ಒಂದು ವಿಮರ್ಶೆ

೧

ಜೀವಕೋಶವು ತನ್ನ ಹೊರಪೊರೆಯ ಒಂದು ಕಿರಿಯ ಭಾಗವನ್ನು ಒಳಮುಖವಾಗಿ ಬಾಗಿಸಿ, ಅದನ್ನು ಕಿರುಚೀಲವಾಗಿ ಬಿಡಿಸಿಕೊಂಡು, ಅದರೊಡನೆ ಹೊರಗಿನ ದ್ರವವನ್ನೂ ಪೊರೆಯಲ್ಲಿ ನೆಲಸಿದ್ದ ಪ್ರೋಟೀನುಗಳನ್ನೂ ಒಳಗೆ ತೆಗೆದುಕೊಳ್ಳುವ ಕ್ರಿಯೆಗೆ ಎಂಡೊಸೈಟೋಸಿಸ್ ಎಂದು ಹೆಸರು. ಈ ಲೇಖನದಲ್ಲಿ ನಾವು ಅದನ್ನು ಅಂತರ್ಗ್ರಹಣ ಎಂದು ಕರೆಯುತ್ತೇವೆ. ಆಕ್ಟಿನ್ ಎಂಬುದು ಸ್ನಾಯುವಿನಿಂದ ಹಿಡಿದು ಯೀಸ್ಟಿನವರೆಗೆ ನ್ಯೂಕ್ಲಿಯಸ್ಸುಳ್ಳ ಎಲ್ಲ ಜೀವಕೋಶಗಳಲ್ಲಿಯೂ ಕಂಡುಬರುವ ಪ್ರೋಟೀನು. ಇದರ ಅಣುಗಳು ಒಂದಕ್ಕೊಂದು ಸೇರಿ ಎಳೆಗಳಾಗಬಲ್ಲವು. ಆ ಎಳೆಗಳು ಬೆಳೆಯುವಾಗ ಎದುರಿಗಿರುವ ವಸ್ತುವನ್ನು ತಳ್ಳಬಲ್ಲವು.

ಈ ಎರಡಕ್ಕೂ ಇರುವ ಸಂಬಂಧವನ್ನು ಕುರಿತು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯವನ್ನು ಹೇಳಿ ಮುಂದೆ ಸಾಗುವುದುಂಟು: “ಯೀಸ್ಟಿನಲ್ಲಿ ಅಂತರ್ಗ್ರಹಣಕ್ಕೆ ಆಕ್ಟಿನ್ ಅವಶ್ಯಕ, ಪ್ರಾಣಿಕೋಶಗಳಲ್ಲಿ ಅವಶ್ಯಕವಲ್ಲ.” ಈ ವಾಕ್ಯವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇದರಲ್ಲಿ ‘ಅವಶ್ಯಕ’ ಎಂಬ ಪದವು ಮೂರು ಬೇರೆ ಬೇರೆ ಅರ್ಥಗಳನ್ನು ಒಂದೇ ಮುಸುಕಿನಲ್ಲಿ ಅಡಗಿಸಿಕೊಂಡಿದೆ. ಅಂತರ್ಗ್ರಹಣ ನಡೆಯುವ ಸ್ಥಳದಲ್ಲಿ ಆಕ್ಟಿನ್ ಇರುತ್ತದೆ ಎಂಬುದು ಮೊದಲನೆಯದು. ಆಕ್ಟಿನ್ ಇಲ್ಲದೆ ಆ ಕ್ರಿಯೆ ನಡೆಯದು ಎಂಬುದು ಎರಡನೆಯದು. ಪೊರೆಯನ್ನು ಬಾಗಿಸಲು ಬೇಕಾದ ಬಲವನ್ನು ಆಕ್ಟಿನ್ನೇ ಒದಗಿಸುತ್ತದೆ ಎಂಬುದು ಮೂರನೆಯದು. ಒಂದಕ್ಕೆ ದೊರೆತ ಸಾಕ್ಷ್ಯವನ್ನು ಇನ್ನೊಂದಕ್ಕೆ ಸಾಕ್ಷ್ಯವೆಂದು ಗಣಿಸುವ ಅಭ್ಯಾಸವು ಈ ವಿಷಯದ ಬರವಣಿಗೆಯಲ್ಲಿ ಹಲವು ಕಾಲ ನಡೆದುಬಂದಿದೆ. ಮೂರನ್ನೂ ಪ್ರತ್ಯೇಕಿಸಿ, ಪ್ರತಿಯೊಂದಕ್ಕೂ ಇರುವ ಆಧಾರವನ್ನು ತೂಗಿನೋಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಇರವಿನ ವಿಚಾರ. ಮೊಳಕೆಯೊಡೆಯುವ ಯೀಸ್ಟಿನಲ್ಲಿ, ಎಂದರೆ ರೊಟ್ಟಿ ತಯಾರಿಕೆಯಲ್ಲಿ ಬಳಕೆಯಾಗುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಜಾತಿಯಲ್ಲಿ, ಆಕ್ಟಿನ್ನಿಗೆ ಒಂದೇ ಜೀನ್ ಉಂಟು. ಅದನ್ನು ತೆಗೆದುಹಾಕಿದರೆ ಜೀವಕೋಶವು ಬದುಕಲಾರದು. ೧೯೮೪ರಲ್ಲಿ ಕಿಲ್ಮಾರ್ಟಿನ್, ಆಡಮ್ಸ್ ಮತ್ತು ಪ್ರಿಂಗಲ್ ಅವರು ಪ್ರಕಟಿಸಿದ ಲೇಖನಗಳಿಂದ ಈ ಜೀವಕೋಶದ ಆಕ್ಟಿನ್ ಎರಡು ರೂಪಗಳಲ್ಲಿ ಹಂಚಿಕೊಂಡಿರುವುದು ತಿಳಿದುಬಂದಿತು: ಉದ್ದುದ್ದನೆಯ ಹುರಿಗಳು ಒಂದು, ಪೊರೆಗೆ ತಾಗಿಕೊಂಡಂತಿರುವ ಚುಕ್ಕೆಗಳು ಇನ್ನೊಂದು. ಈ ಚುಕ್ಕೆಗಳು ಬೆಳೆಯುತ್ತಿರುವ ಮೊಳಕೆಯಲ್ಲಿ ದಟ್ಟವಾಗಿದ್ದುವು. ೧೯೯೪ರಲ್ಲಿ ಮಲ್‌ಹಾಲಂಡ್ ಮತ್ತು ಸಂಗಡಿಗರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಪೊರೆಯು ಬೆರಳಿನಂತೆ ಒಳಕ್ಕೆ ಚಾಚಿರುವ ಕಡೆಗಳಲ್ಲಿ ಆಕ್ಟಿನ್ ಸುತ್ತುವರಿದಿರುವುದನ್ನು ವರದಿಮಾಡಿದರು.

ಇಷ್ಟರಿಂದ ಸಿದ್ಧವಾಗುವುದೇನು? ಆಕ್ಟಿನ್ನೂ ಒಳಚಾಚೂ ಒಂದೆಡೆಯಲ್ಲಿವೆ ಎಂಬುದು ಮಾತ್ರ. ಸ್ಥಿರವಾದ ಚಿತ್ರದಲ್ಲಿ ಮುಂಚೆ ಬಂದುದು ಯಾವುದು, ತರುವಾಯ ಬಂದುದು ಯಾವುದು ಎಂಬುದು ಕಾಣುವುದಿಲ್ಲ. ಆದುದರಿಂದಲೇ ತೊಂಬತ್ತರ ದಶಕದ ಉದ್ದಕ್ಕೂ ಈ ಚುಕ್ಕೆಗಳು ಅಂತರ್ಗ್ರಹಣದ ಸ್ಥಾನಗಳೇ, ಅಥವಾ ಕೋಶಭಿತ್ತಿಯ ನಿರ್ಮಾಣಕ್ಕೆ ಸಂಬಂಧಪಟ್ಟ ಬೇರೊಂದು ರಚನೆಯೇ ಎಂಬ ಸಂದೇಹವು ಉಳಿದೇ ಇದ್ದಿತು.

ಈ ಸಂದೇಹವನ್ನು ನಿವಾರಿಸಿದುದು ೨೦೦೩ರಲ್ಲಿ ಬರ್ಕ್ಲಿಯ ಕಾಕ್ಸೊನೆನ್, ಸನ್ ಮತ್ತು ಡ್ರೂಬಿನ್ ಅವರು ಪ್ರಕಟಿಸಿದ ಕೃತಿ. ಅವರು ಜೀವಂತ ಕೋಶದಲ್ಲಿ ಬೇರೆ ಬೇರೆ ಪ್ರೋಟೀನುಗಳಿಗೆ ಬೇರೆ ಬೇರೆ ಬಣ್ಣದ ಹೊಳಪನ್ನು ಹಚ್ಚಿ, ಒಂದೊಂದು ಚುಕ್ಕೆಯ ಇತಿಹಾಸವನ್ನೂ ಆದ್ಯಂತವಾಗಿ ಅನುಸರಿಸಿದರು. ಮೊದಲು ಹೊದಿಕೆಯ ಪ್ರೋಟೀನುಗಳು ಪೊರೆಯ ಒಂದೆಡೆಯಲ್ಲಿ ಕೂಡುತ್ತವೆ. ಎಳೆಗಳ ಹುಟ್ಟನ್ನು ಪ್ರಚೋದಿಸುವ ಲಾಸ್-೧೭ ಎಂಬ ಪ್ರೋಟೀನೂ ಅಲ್ಲಿಗೆ ಬರುತ್ತದೆ. ಕೆಲವು ಸೆಕೆಂಡುಗಳು ಏನೂ ನಡೆಯುವುದಿಲ್ಲ. ಅನಂತರ ಆರ್ಪ್ ೨/೩ ಎಂಬ ಸಂಕೀರ್ಣದ ನೆರವಿನಿಂದ ಆಕ್ಟಿನ್ ಹಠಾತ್ತನೆ ಎಳೆಗಟ್ಟಲು ಆರಂಭಿಸುತ್ತದೆ. ಒಡನೆಯೇ ಹೊದಿಕೆಯು ಪೊರೆಯಿಂದ ಸುಮಾರು ೨೦೦ ನ್ಯಾನೋಮೀಟರುಗಳಷ್ಟು ಒಳಸರಿದು ಕಳಚಿಹೋಗುತ್ತದೆ. ಆಕ್ಟಿನ್ ಕಾಣಿಸಿಕೊಂಡು ಮರೆಯಾಗುವ ಈ ಕೊನೆಯ ಅಂಕಕ್ಕೆ ಹಿಡಿಯುವ ಕಾಲ ಸುಮಾರು ೧೫ ಸೆಕೆಂಡುಗಳು. ಸ್ಥಳದ ಸಾಕ್ಷ್ಯಕ್ಕೆ ಕಾಲದ ಸಾಕ್ಷ್ಯವು ಸೇರಿದುದು ಇಲ್ಲಿಯೇ. ಇರವಿನ ವಿಚಾರದಲ್ಲಿ ಇದರ ಮೇಲೆ ವಾದಕ್ಕೆ ಅವಕಾಶವಿಲ್ಲ.

೩

ಎರಡನೆಯದು ಅವಶ್ಯಕತೆಯ ವಿಚಾರ. ಇದರ ಮೂಲಸಾಕ್ಷ್ಯವು ಇನ್ನೂ ಹಳೆಯದು. ೧೯೯೩ರಲ್ಲಿ ಬಾಸೆಲ್ ನಗರದಲ್ಲಿ ಕ್ಯೂಬ್ಲರ್ ಮತ್ತು ರೀಜ್‌ಮನ್ ಅವರು, ಉಷ್ಣತೆ ಏರಿದೊಡನೆ ಆಕ್ಟಿನ್ ಕೆಡುವಂಥ ಒಂದು ಉತ್ಪರಿವರ್ತಿತ ತಳಿಯನ್ನು ತೆಗೆದುಕೊಂಡು, ಅದು ಆಲ್ಫಾ ಫ್ಯಾಕ್ಟರ್ ಎಂಬ ಹಾರ್ಮೋನನ್ನು ಒಳಗೆ ತೆಗೆದುಕೊಳ್ಳುವ ಪ್ರಮಾಣವನ್ನು ಅಳೆದರು. ಉಷ್ಣತೆಯನ್ನು ಏರಿಸಿದಾಗ ಹಾರ್ಮೋನು ಪೊರೆಗೆ ಅಂಟಿಕೊಂಡಿತು, ಆದರೆ ಒಳಸೇರಲಿಲ್ಲ. ಇಷ್ಟೇ ಗಮನಾರ್ಹವಾದ ಇನ್ನೊಂದು ಸಂಗತಿಯೆಂದರೆ, ಆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಹೊಂದಿಸಿ ಕಟ್ಟುವ ಫಿಂಬ್ರಿನ್ ಎಂಬ ಪ್ರೋಟೀನು ಕೆಟ್ಟ ತಳಿಯಲ್ಲಿಯೂ ಇದೇ ದೋಷವು ಕಂಡುಬಂದಿತು. ಎಂದರೆ ಎಳೆಗಳಿದ್ದರೆ ಸಾಲದು, ಅವು ಕಟ್ಟಾಗಿರಬೇಕು. ಈ ಸೂಚನೆಯನ್ನು ಅಂದಿನ ಓದುಗರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಬಲದ ವಿಚಾರಕ್ಕೆ ಬಂದಾಗ ಇದು ಮತ್ತೆ ನಮಗೆ ಬೇಕಾಗುತ್ತದೆ.

ಇದನ್ನು ಕ್ಲ್ಯಾಥ್ರಿನ್ನಿನ ಸಂಗತಿಯೊಡನೆ ಹೋಲಿಸಬೇಕು. ಕಿರುಚೀಲದ ಮೇಲೆ ಪಂಜರದಂತೆ ಹೆಣೆದುಕೊಳ್ಳುವ ಈ ಪ್ರೋಟೀನನ್ನು ನಮ್ಮ ಪಠ್ಯಪುಸ್ತಕಗಳು ಅಂತರ್ಗ್ರಹಣದ ನಾಯಕಸ್ಥಾನದಲ್ಲಿ ಕೂರಿಸಿವೆ. ಆದರೆ ಯೀಸ್ಟಿನಲ್ಲಿ ಕ್ಲ್ಯಾಥ್ರಿನ್ನಿನ ಜೀನನ್ನು ಕೆಡಿಸಿದಾಗಲೂ ಆಲ್ಫಾ ಫ್ಯಾಕ್ಟರಿನ ಪ್ರವೇಶವು ಸಾಮಾನ್ಯ ವೇಗದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ನಡೆಯುತ್ತಲೇ ಇರುವುದೆಂದು ೧೯೮೮ರಲ್ಲಿಯೇ ಪೇನ್ ಮತ್ತು ಸಂಗಡಿಗರು ತೋರಿಸಿದ್ದರು. ಆಕ್ಟಿನ್ ಕೆಟ್ಟರೆ ಕ್ರಿಯೆ ನಿಲ್ಲುತ್ತದೆ. ಕ್ಲ್ಯಾಥ್ರಿನ್ ಕೆಟ್ಟರೆ ಕುಂಟುತ್ತದೆ.

ಆದರೂ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದ್ದಿತು. ಆಕ್ಟಿನ್ ಕೆಟ್ಟ ಜೀವಕೋಶವು ಅಂತರ್ಗ್ರಹಣವೊಂದರಲ್ಲಿ ಮಾತ್ರವೇ ದೋಷಗೊಳ್ಳುವುದಿಲ್ಲ. ಅದರ ಸ್ರಾವವೂ ಮೊಳಕೆಯ ಬೆಳವಣಿಗೆಯೂ ಏರುಪೇರಾಗುತ್ತವೆ. ಹೀಗಿರಲು ಪ್ರವೇಶ ನಿಂತುದು ಬೇರೊಂದು ದೋಷದ ಪರಿಣಾಮವಾಗಿರಬಾರದೇಕೆ? ಇದಕ್ಕೆ ಸಮಾಧಾನವು ಒಂದು ಔಷಧದಿಂದ ದೊರೆಯಿತು. ಕೆಂಪು ಸಮುದ್ರದ ಒಂದು ಸ್ಪಂಜಿನಿಂದ ಪಡೆದ ಲ್ಯಾಟ್ರನ್ಕ್ಯುಲಿನ್-ಎ ಎಂಬ ವಸ್ತುವು ಬಿಡಿ ಆಕ್ಟಿನ್ ಅಣುಗಳನ್ನು ಹಿಡಿದುಕೊಂಡು ಎಳೆಗಟ್ಟದಂತೆ ತಡೆಯುತ್ತದೆ. ಇದನ್ನು ಹಾಕಿದ ಕೆಲವೇ ನಿಮಿಷಗಳಲ್ಲಿ ಯೀಸ್ಟಿನ ಚುಕ್ಕೆಗಳೊಳಗಣ ಆಕ್ಟಿನ್ ಮಾಯವಾಗುವುದನ್ನು ೧೯೯೭ರಲ್ಲಿ ಐಸ್ಕಫ್ ಮತ್ತು ಸಂಗಡಿಗರು ಪ್ರಕಟಿಸಿದರು. ೨೦೦೩ರ ಪ್ರಯೋಗದಲ್ಲಿ ಇದೇ ಔಷಧವನ್ನು ಹಾಕಿದಾಗ ಹೊದಿಕೆಯ ಪ್ರೋಟೀನುಗಳು ಎಂದಿನಂತೆ ಪೊರೆಯ ಮೇಲೆ ಕೂಡಿದುವು, ಆದರೆ ಅಲ್ಲಿಯೇ ನಿಂತುಬಿಟ್ಟುವು, ಒಳಸರಿಯಲಿಲ್ಲ. ಸಿದ್ಧತೆಯೆಲ್ಲ ನಡೆದು ಹೊರಡುವ ಗಳಿಗೆಯಲ್ಲಿ ಕೆಲಸ ನಿಂತಿತು. ದೋಷದ ಸ್ಥಾನ ಇಷ್ಟು ಸ್ಪಷ್ಟವಾದ ಮೇಲೆ ಪರೋಕ್ಷ ಪರಿಣಾಮವೆಂಬ ಆಕ್ಷೇಪವು ನಿಲ್ಲಲಾರದು.

ಆದುದರಿಂದ, ಸಾಮಾನ್ಯ ಪರಿಸ್ಥಿತಿಯಲ್ಲಿರುವ ಯೀಸ್ಟಿಗೆ ಅಂತರ್ಗ್ರಹಣದಲ್ಲಿ ಆಕ್ಟಿನ್ ಅವಶ್ಯಕ ಎಂಬುದು ಸಿದ್ಧವಾಗಿದೆ. ‘ಸಾಮಾನ್ಯ ಪರಿಸ್ಥಿತಿಯಲ್ಲಿ’ ಎಂಬ ಮಾತನ್ನು ನಾವು ಬೇಕೆಂದೇ ಸೇರಿಸಿದ್ದೇವೆ. ಅದರ ಕಾರಣ ಮುಂದೆ ತಿಳಿಯುತ್ತದೆ.

೪

ಯಾವುದಕ್ಕಾಗಿ ಅವಶ್ಯಕ? ಇದು ಮೂರನೆಯ ಪ್ರಶ್ನೆ. ಎಲ್ಲಕ್ಕಿಂತ ಕಠಿನವಾದುದೂ ಇದೇ. ಯೀಸ್ಟಿನ ಒಳಗಿನ ದ್ರವದಲ್ಲಿ ಕರಗಿರುವ ವಸ್ತುಗಳು ಹೊರಗಿಗಿಂತ ಅಧಿಕವಾದುದರಿಂದ ಅಭಿಸರಣೆಯ ಮೂಲಕ ನೀರು ಒಳನುಗ್ಗುತ್ತದೆ. ಪೊರೆಯು ಹೊರಮುಖವಾಗಿ ಕೋಶಭಿತ್ತಿಗೆ ಒತ್ತಿಕೊಂಡಿರುತ್ತದೆ. ಇದಕ್ಕೆ ಟರ್ಗರ್ ಒತ್ತಡವೆಂದು ಹೆಸರು. ಮೊಳಕೆಯೊಡೆಯುವ ಯೀಸ್ಟಿನಲ್ಲಿ ಇದರ ಅಂದಾಜುಗಳು ೦.೨ರಿಂದ ೧ ಮೆಗಾಪ್ಯಾಸ್ಕಲ್‌ವರೆಗೆ ಹರಡಿಕೊಂಡಿವೆ. ಮೋಟಾರು ವಾಹನದ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡವು ಸುಮಾರು ೦.೨ ಮೆಗಾಪ್ಯಾಸ್ಕಲ್ ಎಂದರೆ ಇದರ ಪ್ರಮಾಣ ವಿದ್ಯಾರ್ಥಿಗಳಿಗೆ ಮನದಟ್ಟಾದೀತು. ಇಂಥ ಒತ್ತಡಕ್ಕೆ ಎದುರಾಗಿ ಪೊರೆಯನ್ನು ಒಳಕ್ಕೆ ಎಳೆಯಬೇಕು. ಭಿತ್ತಿಯಿಲ್ಲದ ಪ್ರಾಣಿಕೋಶಕ್ಕೆ ಈ ಕಷ್ಟವಿಲ್ಲ.

ಲೆಕ್ಕ ಮಾಡಿ ನೋಡೋಣ. ಒಳಚಾಚಿನ ಅಡ್ಡಳತೆಯನ್ನು ೬೦ ನ್ಯಾನೋಮೀಟರ್ ಎಂದು ಇಟ್ಟುಕೊಂಡರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ೨,೮೦೦ ಚದರ ನ್ಯಾನೋಮೀಟರ್. ಒಂದು ಮೆಗಾಪ್ಯಾಸ್ಕಲ್ ಎಂದರೆ ಚದರ ನ್ಯಾನೋಮೀಟರಿಗೆ ಒಂದು ಪಿಕೋನ್ಯೂಟನ್. ಒತ್ತಡವು ೦.೫ ಮೆಗಾಪ್ಯಾಸ್ಕಲ್ ಆಗಿದ್ದರೆ ಎದುರಿಸಬೇಕಾದ ಬಲವು ಸುಮಾರು ೧,೪೦೦ ಪಿಕೋನ್ಯೂಟನ್, ೦.೨ ಆಗಿದ್ದರೂ ಐನೂರಕ್ಕೆ ಕಡಮೆಯಿಲ್ಲ. ಬೆಳೆಯುತ್ತಿರುವ ಒಂದು ಆಕ್ಟಿನ್ ಎಳೆಯ ತಳ್ಳುವಿಕೆಯನ್ನು ಅಳೆದಾಗ ದೊರೆತಿರುವುದು ಒಂದು ಪಿಕೋನ್ಯೂಟನಿನ ಆಸುಪಾಸಿನ ಬಲ. ಸಿದ್ಧಾಂತದ ಪ್ರಕಾರ ಗರಿಷ್ಠವೆಂದರೆ ಹತ್ತರ ಸಮೀಪ. ಚುಕ್ಕೆಯೊಂದರಲ್ಲಿರುವ ಎಳೆಗಳಾದರೋ ನೂರರಿಂದ ಇನ್ನೂರರೊಳಗೆ ಎಂದು ಗಣನೆ. ಅಳತೆಯ ಬೆಲೆಯನ್ನು ಹಿಡಿದರೆ ಬಲ ಸಾಲದು. ಸಿದ್ಧಾಂತದ ಬೆಲೆಯನ್ನು ಹಿಡಿದರೆ ಹಾಗೂ ಹೀಗೂ ಸಾಕಾದೀತು.

ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆಯನ್ನು ಹೇಳುವುದು ನಮ್ಮ ಕರ್ತವ್ಯ. ಒಂದು ಚುಕ್ಕೆಯಲ್ಲಿ ಗರಿಷ್ಠವಾಗಿ ಸುಮಾರು ೭,೦೦೦ ಆಕ್ಟಿನ್ ಅಣುಗಳು ಕೂಡುತ್ತವೆಂಬ ಪ್ರಸಿದ್ಧ ಎಣಿಕೆಯು ಸಿರೋಟ್ಕಿನ್ ಮತ್ತು ಸಂಗಡಿಗರು ೨೦೧೦ರಲ್ಲಿ ವಿದಳನ ಯೀಸ್ಟಿನಲ್ಲಿ ಮಾಡಿದುದು. ಪೊರೆಯ ಆಕಾರದ ಅತ್ಯುತ್ತಮ ಅಳತೆಗಳು ಮೊಳಕೆಯೊಡೆಯುವ ಯೀಸ್ಟಿನವು. ಈ ಎರಡು ಜಾತಿಗಳು ವಂಶಾನುಕ್ರಮದಲ್ಲಿ ಬಹು ದೂರದವು. ಅವುಗಳ ಟರ್ಗರ್ ಒತ್ತಡವೂ ಒಂದೇ ಅಲ್ಲ. ಒಂದರ ಎಣಿಕೆಯನ್ನು ಇನ್ನೊಂದರ ಆಕಾರಕ್ಕೆ ಜೋಡಿಸಿ ‘ಯೀಸ್ಟಿನಲ್ಲಿ ಹೀಗೆ’ ಎಂದು ಬರೆಯುವುದು ಸುಲಭ. ಆದರೆ ಅಂಥ ಲೆಕ್ಕವು ಪ್ರಮಾಣವನ್ನು ಊಹಿಸಲು ನೆರವಾಗುವುದೇ ಹೊರತು ನಿರ್ಣಯಕ್ಕೆ ಆಧಾರವಾಗಲಾರದು. ಮೇಲಿನ ನಮ್ಮ ಲೆಕ್ಕಕ್ಕೂ ಈ ಮಿತಿ ಅನ್ವಯಿಸುತ್ತದೆ.

ಬಲದ ಈ ಕೊರತೆಯನ್ನು ತುಂಬಲು ಹಲವು ಊಹೆಗಳು ಹೊರಟಿವೆ. ಮೊದಲನೆಯ ವರ್ಗದ ಮಯೊಸಿನ್ನುಗಳು ಪೊರೆಯ ಬುಡದಲ್ಲಿ ಎಳೆಗಳನ್ನು ಹಿಡಿದಿರುತ್ತವೆ. ಅವುಗಳ ಚಾಲಕಶಕ್ತಿ ಕೆಟ್ಟರೆ ಅಂತರ್ಗ್ರಹಣವೂ ಕೆಡುತ್ತದೆಯೆಂದು ೨೦೦೬ರಲ್ಲಿ ಸನ್, ಮಾರ್ಟಿನ್ ಮತ್ತು ಡ್ರೂಬಿನ್ ತೋರಿಸಿದರು. ಎಳೆಗಳ ಬಲೆಯನ್ನು ಕಟ್ಟುವ ಫಿಂಬ್ರಿನ್, ಬಾಗಿಸಿದ ಬಿದಿರಿನಲ್ಲಿ ಬಿಗುಪು ನಿಲ್ಲುವಂತೆ, ಬಲೆಯಲ್ಲಿ ಶಕ್ತಿಯನ್ನು ಕೂಡಿಡಬಹುದೆಂಬ ವಾದವನ್ನು ೨೦೧೮ರಲ್ಲಿ ಮಾ ಮತ್ತು ಬೆರೊ ಮಂಡಿಸಿದರು. ಈ ಎರಡನೆಯ ಊಹೆಯು ೧೯೯೩ರ ಫಿಂಬ್ರಿನ್ ಫಲಿತಾಂಶಕ್ಕೆ ಅರ್ಥವನ್ನು ಕೊಡುವುದರಿಂದ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

೫

ಬಲದ ವಿಚಾರದಲ್ಲಿ ಮೂರು ಪ್ರಯೋಗಗಳನ್ನು ನಾವು ನಿರ್ಣಾಯಕಪ್ರಾಯವೆಂದು ಭಾವಿಸುತ್ತೇವೆ.

ಮೊದಲನೆಯದು ೨೦೦೩ರ ಲೇಖನದಲ್ಲಿಯೇ ಇದೆ. ಸ್ಲಾ-೨ ಎಂಬ ಪ್ರೋಟೀನು ಒಂದು ತುದಿಯಿಂದ ಪೊರೆಯನ್ನೂ ಇನ್ನೊಂದು ತುದಿಯಿಂದ ಆಕ್ಟಿನ್ನನ್ನೂ ಹಿಡಿಯುತ್ತದೆ. ಇದನ್ನು ತೆಗೆದುಹಾಕಿದ ಕೋಶಗಳಲ್ಲಿ ಆಕ್ಟಿನ್ ಎಳೆಗಟ್ಟುವುದು ನಿಲ್ಲಲಿಲ್ಲ. ಬದಲಾಗಿ ಧೂಮಕೇತುವಿನ ಬಾಲದಂತೆ ಒಳಮುಖವಾಗಿ ಹರಿಯುತ್ತಲೇ ಇದ್ದಿತು. ಆದರೆ ಹೊದಿಕೆಯು ನಿಂತಲ್ಲಿಂದ ಕದಲಲಿಲ್ಲ. ಬಂಡಿಯಿಂದ ನೊಗ ಕಳಚಿದರೆ ಎತ್ತುಗಳು ಮುಂದೆ ಹೋಗುತ್ತವೆ, ಬಂಡಿ ಅಲ್ಲಿಯೇ ಉಳಿಯುತ್ತದೆ. ಆಕ್ಟಿನ್ನಿನ ಇರವು ಬೇರೆ, ಅದರ ಎಳೆತವು ಪೊರೆಗೆ ಮುಟ್ಟುವುದು ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪ್ರಯೋಗವನ್ನು ನಾವು ಕಾಣೆವು. ತರಗತಿಯಲ್ಲಿ ಒಂದೇ ಒಂದು ಪ್ರಯೋಗವನ್ನು ವಿವರಿಸಲು ಸಮಯವಿದ್ದರೆ ಇದನ್ನೇ ವಿವರಿಸಬೇಕು.

ಎರಡನೆಯದು ಒತ್ತಡವನ್ನು ತಗ್ಗಿಸಿದ ಪ್ರಯೋಗ. ಹೊರಗಿನ ದ್ರವಕ್ಕೆ ಸಾರ್ಬಿಟಾಲ್ ಎಂಬ ಸಕ್ಕರೆಯ ಜಾತಿಯ ವಸ್ತುವನ್ನು ಸೇರಿಸಿದರೆ ಒಳಹೊರಗಿನ ವ್ಯತ್ಯಾಸ ಕಡಮೆಯಾಗಿ ಟರ್ಗರ್ ಇಳಿಯುತ್ತದೆ. ೨೦೦೯ರಲ್ಲಿ ಷೆಫೀಲ್ಡಿನ ಆಘಾಮೊಹಮ್ಮದ್‌ಜಾದೆ ಮತ್ತು ಐಸ್ಕಫ್ ಅವರು, ಹೀಗೆ ಮಾಡಿದಾಗ ಆಕ್ಟಿನ್ನಿನ ಮೇಲಿನ ಅವಲಂಬನವು ಇಳಿಯುವುದೆಂದು ವರದಿಮಾಡಿದರು. ೨೦೧೪ರಲ್ಲಿ ಬಸು, ಮುಂಟೆಯಾನು ಮತ್ತು ಚಾಂಗ್ ಅವರು ವಿದಳನ ಯೀಸ್ಟಿನಲ್ಲಿ ಇದೇ ದಿಕ್ಕಿನ ಫಲವನ್ನು ಪಡೆದರು. ಇಲ್ಲಿ ಉತ್ಸಾಹಕ್ಕೆ ಕಡಿವಾಣ ಹಾಕುವುದು ಅಗತ್ಯ. ಈ ಎರಡನೆಯ ಲೇಖನದಲ್ಲಿ ಸಾರ್ಬಿಟಾಲ್ ಸರಿಪಡಿಸಿದುದು ಕೆಲವು ಉತ್ಪರಿವರ್ತಿತ ತಳಿಗಳನ್ನು ಮತ್ತು ಅಲ್ಪ ಪ್ರಮಾಣದ ಲ್ಯಾಟ್ರನ್ಕ್ಯುಲಿನ್ನಿಗೆ ಒಳಗಾದ ಕೋಶಗಳನ್ನು; ಎಲ್ಲವನ್ನೂ ಅಲ್ಲ. ಆಕ್ಟಿನ್ ಕಡಮೆಯಾದಾಗ ಕೆಲಸ ಸಾಗಿತು ಎಂಬುದಕ್ಕೂ ಆಕ್ಟಿನ್ನೇ ಇಲ್ಲದೆ ಸಾಗಿತು ಎಂಬುದಕ್ಕೂ ಬಹಳ ಅಂತರವಿದೆ. ಮೇಲಾಗಿ ಯೀಸ್ಟ್ ಸುಮ್ಮನಿರುವ ಪ್ರಾಣಿಯಲ್ಲ: ಹೊರಗೆ ಸಾರ್ಬಿಟಾಲ್ ಬಂದೊಡನೆ ಒಳಗೆ ಗ್ಲಿಸರಾಲನ್ನು ತಯಾರಿಸಿ ಕೂಡಿಟ್ಟು ತನ್ನ ಒತ್ತಡವನ್ನು ಮರಳಿ ಪಡೆಯಲು ತೊಡಗುತ್ತದೆ. ಪ್ರಯೋಗದ ಯಾವ ನಿಮಿಷದಲ್ಲಿ ಅಳತೆ ಮಾಡಿದರೆಂಬುದು ಆದುದರಿಂದ ಮುಖ್ಯವಾಗುತ್ತದೆ.

ಮೂರನೆಯದು ೨೦೨೧ರದು. ಅಬೆಲ್ಲಾ, ಸ್ಕ್ರುಜ್ನಿ ಮೊದಲಾದವರು ಮೇಲೆ ಹೇಳಿದ ಸ್ಲಾ-೨ರ ನಡುವೆಯೇ ಎಳೆತವನ್ನು ತಿಳಿಸುವ ಒಂದು ಅಳತೆಯ ಭಾಗವನ್ನು ಸೇರಿಸಿದರು. ನೊಗಕ್ಕೇ ತಕ್ಕಡಿಯನ್ನು ಕಟ್ಟಿದಂತಾಯಿತು. ಒಂದೊಂದು ಅಣುವಿನ ಮೂಲಕ ಹಾಯುವ ಬಲವು ಹತ್ತು ಪಿಕೋನ್ಯೂಟನಿನ ಆಸುಪಾಸಿನಲ್ಲಿಯೂ, ಒಟ್ಟು ಬಲವು ನೂರಾರು ಪಿಕೋನ್ಯೂಟನ್‌ಗಳಷ್ಟೂ ಇರುವುದೆಂದು ಕಂಡುಬಂದಿತು. ಅದಕ್ಕಿಂತ ಮಿಗಿಲಾಗಿ, ಟರ್ಗರ್ ಒತ್ತಡವನ್ನು ಇಳಿಸಿದಾಗ ಈ ಅಳತೆಯೂ ಇಳಿಯಿತು. ಹೊರೆ ಕಡಮೆಯಾದಾಗ ಎಳೆತವೂ ಕಡಮೆಯಾಯಿತು. ಆಕ್ಟಿನ್ ಒತ್ತಡಕ್ಕೆ ಪ್ರತಿಯಾಗಿ ದುಡಿಯುತ್ತದೆಂಬ ವಾದಕ್ಕೆ ಇದು ನೇರವಾದ ಸಾಕ್ಷ್ಯ.

ಪ್ರಾಣಿಕೋಶಗಳ ಕಡೆಯಿಂದಲೂ ಇದಕ್ಕೆ ಬೆಂಬಲವಿದೆ. ೨೦೧೧ರಲ್ಲಿ ಬೂಲಾಂ, ಕರ್ಚ್‌ಹೌಸನ್ ಮತ್ತು ಸಂಗಡಿಗರು, ಸಾಮಾನ್ಯವಾಗಿ ಆಕ್ಟಿನ್ ಇಲ್ಲದೆಯೂ ಅಂತರ್ಗ್ರಹಣವನ್ನು ನಡೆಸಬಲ್ಲ ಕೋಶಗಳನ್ನು ನೀರಿನಿಂದ ಉಬ್ಬಿಸಿದಾಗ ಅಥವಾ ಹಿಗ್ಗಿಸಿ ಎಳೆದಾಗ, ಅವಕ್ಕೂ ಆಕ್ಟಿನ್ ಬೇಕಾಗುವುದೆಂದು ತೋರಿಸಿದರು. ಎಂದರೆ ಯೀಸ್ಟಿನ ಹೊರೆ ಇಳಿದಾಗ ಅದು ಪ್ರಾಣಿಕೋಶವನ್ನು ಹೋಲುತ್ತದೆ. ಪ್ರಾಣಿಕೋಶದ ಬಿಗುಪು ಏರಿದಾಗ ಅದು ಯೀಸ್ಟನ್ನು ಹೋಲುತ್ತದೆ. ನಮ್ಮ ಪಾಠದ ವಾಕ್ಯದಲ್ಲಿ ಎರಡು ಜೀವವರ್ಗಗಳ ನಡುವಣ ಭೇದವೆಂದು ಕಾಣುವುದು ವಸ್ತುತಃ ಎರಡು ಪರಿಸ್ಥಿತಿಗಳ ನಡುವಣ ಭೇದ.

೬

ಇನ್ನೂ ಒಂದು ವಿವಾದವನ್ನು ಪ್ರಸ್ತಾಪಿಸಬೇಕು. ೨೦೧೨ರಲ್ಲಿ ಹೈಡೆಲ್‌ಬರ್ಗಿನ ಕುಕುಲ್ಸ್ಕಿ, ಕಾಕ್ಸೊನೆನ್, ಬ್ರಿಗ್ಸ್ ಮೊದಲಾದವರು ಒಂದೇ ಕೋಶವನ್ನು ಹೊಳಪಿನ ಸೂಕ್ಷ್ಮದರ್ಶಕದಲ್ಲಿಯೂ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಯೂ ನೋಡಿ, ಕ್ಲ್ಯಾಥ್ರಿನ್ ಕೂಡಿದಾಗ ಪೊರೆಯು ಚಪ್ಪಟೆಯಾಗಿಯೇ ಇದ್ದು, ಆಕ್ಟಿನ್ ಬಂದ ಮೇಲೆ ಬಾಗಲು ತೊಡಗುವುದೆಂದು ತೀರ್ಮಾನಿಸಿದರು. ಮೊದಲ ಅಲ್ಪ ಬಾಗು ಆಕ್ಟಿನ್ನಿಗೆ ಮುಂಚೆಯೇ ಹೊದಿಕೆಯಿಂದ ಉಂಟಾಗುವುದೆಂಬ ಪ್ರತಿಪಕ್ಷವೂ ಇದೆ. ಎಷ್ಟು ತಗ್ಗಾದರೆ ಅದನ್ನು ಬಾಗೆಂದು ಎಣಿಸಬೇಕು ಎಂಬುದರ ಮೇಲೆ ಈ ಜಗಳದ ಬಹುಭಾಗವು ನಿಂತಿದೆ. ಯಾವ ಪಕ್ಷವು ಗೆದ್ದರೂ, ಆಳವಾದ ಒಳಚಾಚಿಗೆ ಆಕ್ಟಿನ್ ಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆದುದರಿಂದ ನಮ್ಮ ನಿರ್ಣಯಕ್ಕೆ ಇದರಿಂದ ಬಾಧೆಯಿಲ್ಲ. ಕಿರುಚೀಲವು ಕೊನೆಗೆ ಕತ್ತರಿಸಿಹೋಗುವ ಹಂತದಲ್ಲಿ ಆಕ್ಟಿನ್ನಿನ ಪಾಲು ಎಷ್ಟೆಂಬುದು ಬೇರೆಯೇ ವಿಷಯ. ಅಲ್ಲಿ ಒಳಚಾಚಿನ ಕೊರಳನ್ನು ಸುತ್ತುವ ಆರ್‌ವಿಎಸ್ ಪ್ರೋಟೀನುಗಳ ಜೋಡಿಗೂ ಪಾಲುಂಟು. ಅವಿಲ್ಲದ ಕೋಶಗಳಲ್ಲಿ ಒಳಸರಿದ ಹೊದಿಕೆಯು ಹಲವು ವೇಳೆ ಮರಳಿ ಪೊರೆಗೇ ಹಿಂದಿರುಗುತ್ತದೆ.

ಪ್ರಯೋಗದ ದೃಷ್ಟಿಯಿಂದ ಬೇಕಾಗಿರುವುದು ಇಷ್ಟು: ಆಕ್ಟಿನ್ನನ್ನು ಪೂರ್ಣವಾಗಿ ತೆಗೆದು, ಅದೇ ಕಾಲಕ್ಕೆ ಟರ್ಗರನ್ನೂ ಪೂರ್ಣವಾಗಿ ಇಳಿಸಿ, ಒಂದೊಂದು ಸ್ಥಾನದಲ್ಲಿಯೂ ಒಳಚಾಚಿನ ಆಳವನ್ನೂ ಕಿರುಚೀಲಗಳ ಸಂಖ್ಯೆಯನ್ನೂ, ಕೋಶವು ಗ್ಲಿಸರಾಲನ್ನು ಕೂಡಿಸುವ ಮೊದಲೇ ಅಳೆಯಬೇಕು. ಎರಡೂ ಸಾಮಾನ್ಯ ಮಟ್ಟಕ್ಕೆ ಬಂದರೆ ಆಕ್ಟಿನ್ನಿನ ಕೆಲಸವು ಒತ್ತಡವನ್ನು ಎದುರಿಸುವುದಷ್ಟೇ ಎಂದಾಗುತ್ತದೆ. ಬಾರದಿದ್ದರೆ ಆಕಾರವನ್ನು ಕೊಡುವುದರಲ್ಲಿಯೂ ಅದಕ್ಕೆ ಸ್ವತಂತ್ರವಾದ ಪಾಲುಂಟೆಂದು ಒಪ್ಪಬೇಕು.

ಮೇಲ್ಕಂಡ ಸಾಕ್ಷ್ಯಗಳನ್ನೆಲ್ಲ ಪರ್ಯಾಲೋಚಿಸಿದರೆ ನಮ್ಮ ಅಭಿಪ್ರಾಯವು ಹೀಗೆ ನಿಲ್ಲುತ್ತದೆ. ಆಕ್ಟಿನ್ ಸ್ಥಳದಲ್ಲಿರುವುದು ನಿಶ್ಚಿತ. ಸಾಮಾನ್ಯ ಪರಿಸ್ಥಿತಿಯಲ್ಲಿ ಅದು ಅವಶ್ಯಕವೆಂಬುದೂ ನಿಶ್ಚಿತ. ಅದರ ಬಲವು ಸ್ಲಾ-೨ರಂಥ ಕೊಂಡಿಗಳ ಮೂಲಕ ಪೊರೆಯನ್ನು ಮುಟ್ಟುತ್ತದೆ, ಮತ್ತು ಆ ಬಲವು ಬಹುಮಟ್ಟಿಗೆ ಟರ್ಗರ್ ಒತ್ತಡಕ್ಕೆ ಉತ್ತರವಾಗಿದೆ ಎಂಬುದಕ್ಕೆ ಪ್ರಬಲವಾದ ಆಧಾರವುಂಟು. ಆದರೆ ಬಲದ ಜಮಾಖರ್ಚು ಇನ್ನೂ ಪೂರ್ತಿ ಸರಿದೂಗಿಲ್ಲ.

ಆದುದರಿಂದ ಅಧ್ಯಾಪಕಮಿತ್ರರಲ್ಲಿ ನಮ್ಮ ಸೂಚನೆ ಇದು. “ಯೀಸ್ಟಿನಲ್ಲಿ ಆಕ್ಟಿನ್ ಅವಶ್ಯಕ, ಪ್ರಾಣಿಕೋಶದಲ್ಲಿ ಅಲ್ಲ” ಎಂಬ ವಾಕ್ಯಕ್ಕೆ ಬದಲಾಗಿ, “ಪೊರೆಯನ್ನು ಹೊರಕ್ಕೆ ಒತ್ತುವ ಇಲ್ಲವೆ ಬಿಗಿಯುವ ಬಲವು ಅಧಿಕವಾಗಿರುವಲ್ಲಿ ಅಂತರ್ಗ್ರಹಣಕ್ಕೆ ಆಕ್ಟಿನ್ ಬೇಕು, ಯೀಸ್ಟಿನಲ್ಲಿ ಆ ಬಲವು ಸಾಮಾನ್ಯವಾಗಿ ಅಧಿಕ” ಎಂದು ಹೇಳಬಹುದು. ಮೊದಲನೆಯ ವಾಕ್ಯವನ್ನು ವಿದ್ಯಾರ್ಥಿಯು ಬಾಯಿಪಾಠ ಮಾಡಬೇಕಾಗುತ್ತದೆ. ಎರಡನೆಯದನ್ನು ಕೇಳಿದವನು, ಬಲವು ಎಷ್ಟು, ಅದನ್ನು ಅಳೆದವರು ಯಾರು, ಹೇಗೆ ಅಳೆದರು ಎಂದು ಕೇಳುತ್ತಾನೆ. ಆ ಪ್ರಶ್ನೆಗಳು ತರಗತಿಯಲ್ಲಿ ಎದ್ದರೆ ಈ ಲೇಖನದ ಶ್ರಮವು ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.